ಒಂದು ರಾಶಿ, ಬಿಡಿಸದ ಮೂರು ಲೆಕ್ಕ

2025ರ ನವೆಂಬರಿನಲ್ಲಿ ನನ್ನ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದು ವಾರ ಶಾಲೆಗೆ ಬರಲಿಲ್ಲ. ಹಾಜರಿ ಕೂಗಿದಾಗಲೆಲ್ಲ ಅವಳ ಗೆಳತಿಯರು "ರಾಶಿ ಕಾಯಾಕ ಹತ್ಯಾಳ್ರಿ ಸರ್" ಎನ್ನುತ್ತಿದ್ದರು. ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಎಂದು ಈ ನಾಲ್ಕು ತಾಲ್ಲೂಕುಗಳಲ್ಲೇ ನನ್ನ ನೌಕರಿ ಸುತ್ತುತ್ತ ಬಂದಿದೆ. ಸುಗ್ಗಿಯಲ್ಲಿ ಡಾಂಬರು ರಸ್ತೆಯ ಅರ್ಧಭಾಗ ಗೋವಿನಜೋಳದ ಪಾಲಾಗುವುದು, ತರಗತಿಯ ಹಿಂದಿನ ಬೆಂಚುಗಳು ಖಾಲಿಯಾಗುವುದು ನನಗೆ ಹೊಸದೇನಲ್ಲ. ಆದರೂ ಈ ಸಲ ಅವಳ ಮನೆಗೆ ಹೋಗಿ ಬರಬೇಕೆನ್ನಿಸಿತು. ಹೋಗಲು ಅಂಜಿಕೆಯೂ ಇತ್ತು. ಕಾರಣ ಹೇಳುತ್ತೇನೆ.

ಆ ವರ್ಷದ ಮೇ ತಿಂಗಳಲ್ಲಿ ಹಾಲಿನ ಡೇರಿಯ ಕಟ್ಟೆಯ ಮೇಲೆ ಆ ಹುಡುಗಿಯ ತಂದೆ ನನ್ನನ್ನು ಕೇಳಿದ್ದರು: "ಮಾಸ್ತರ್ರ, ಈ ಸಲ ಹತ್ತಿ ಬಿಟ್ಟು ಪೂರಾ ಗೋವಿನಜೋಳನ ಹಾಕ್ಲೇನ್ರಿ? ನೀವು ಲೆಕ್ಕಾ ಬಲ್ಲಾವ್ರು." ಬಲ್ಲವರು ಎಂದು ಕರೆಸಿಕೊಂಡ ಮೇಲೆ ಸುಮ್ಮನಿರುವುದು ಯಾವ ಮಾಸ್ತರನಿಗೂ ಕಷ್ಟ. ಪತ್ರಿಕೆಯಲ್ಲಿ ಬರುವ ಪೇಟೆ ಧಾರಣೆಯನ್ನು ಕೆಲವು ವರ್ಷಗಳಿಂದ ಬರೆದಿಡುವ ಹವ್ಯಾಸ ನನಗಿದೆ. ಮರುದಿನ ಆಲೇಖದ ಹಾಳೆಯ ಮೇಲೆ ಗೆರೆ ಎಳೆದು ತಂದು ತೋರಿಸಿದೆ. ಗೆರೆ ಮೇಲಕ್ಕೆ ಹೋಗುತ್ತಿತ್ತು. ಎಥೆನಾಲ್ ಮಾಡಲು ಗೋವಿನಜೋಳಕ್ಕೆ ಬೇಡಿಕೆ ಬಂದಿದೆ ಎಂದೂ ಸೇರಿಸಿದೆ. "ಹಾಕ್ರಿ, ರೇಟು ಏರೂ ದಾರ್ಯಾಗ ಐತಿ" ಎಂದೆ. ಕಟ್ಟೆಯ ಮೇಲಿದ್ದ ಇನ್ನೂ ಏಳೆಂಟು ಜನ ಹಾಳೆಯನ್ನು ಕೈಯಿಂದ ಕೈಗೆ ಕೊಟ್ಟುಕೊಂಡು ನೋಡಿದರು.

ಸುಗ್ಗಿ ಬಂದಾಗ ಏನಾಯಿತೆಂಬುದು ನಮ್ಮ ಜಿಲ್ಲೆಯವರಿಗೆ ಗೊತ್ತಿದೆ. ಕೇಂದ್ರ ಸರ್ಕಾರ ಪ್ರಕಟಿಸಿದ ಬೆಂಬಲ ಬೆಲೆ ಕ್ವಿಂಟಲಿಗೆ 2,400 ರೂಪಾಯಿ. ಪೇಟೆಯ ದರ ಅದಕ್ಕಿಂತ ಬಹಳ ಕೆಳಗೆ ಕುಸಿಯಿತು. ಖರೀದಿ ಕೇಂದ್ರ ತೆರೆಯಿರಿ ಎಂದು ರೈತರು ಬೀದಿಗಿಳಿದರು.

ಅಂಗಳದಲ್ಲಿ ತಾಡಪತ್ರಿಯ ಮೇಲೆ ರಾಶಿ ಇತ್ತು. ಅದರ ಪಕ್ಕದಲ್ಲಿ ಹುಡುಗಿ ಕೋಳಿ ಓಡಿಸುತ್ತ ಕುಳಿತಿದ್ದಳು. ಅವಳ ಅಣ್ಣನ ಡಿಪ್ಲೊಮಾ ಫೀಯ ಎರಡನೆಯ ಕಂತು ಈ ರಾಶಿಯಲ್ಲಿತ್ತು. ತಂದೆ "ಬರ್ರಿ ಮಾಸ್ತರ್ರ" ಎಂದು ಚಹಾ ತರಿಸಿದರು. ಮೇ ತಿಂಗಳ ಮಾತು ಅವರು ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು. ಎತ್ತಿದವಳು ಹುಡುಗಿ: "ಸರ್, ನಿಮ್ಮ ಲೆಕ್ಕ ಎಲ್ಲಿ ತಪ್ಪಿತ್ರಿ?" ಅದರಲ್ಲಿ ಕುಹಕ ಇರಲಿಲ್ಲ. ಬೋರ್ಡಿನ ಮೇಲೆ ಕೂಡುವ ಗುರುತಿಗೆ ಬದಲು ಕಳೆಯುವ ಗುರುತು ಬಿದ್ದಿರಬಹುದು ಎಂಬಂತೆ ಕೇಳಿದಳು. "ಇದು ಪುಸ್ತಕದ ಹಿಂದೆ ಉತ್ತರ ಇರದ ಲೆಕ್ಕವಾ" ಎಂದೆ. ಅವಳು ಕಣ್ಣರಳಿಸಿ "ಅಂಥಾವೂ ಇರ್ತಾವೇನ್ರಿ?" ಎಂದಳು.

ಈ ಎರಡನೆಯ ಪ್ರಶ್ನೆ ನನ್ನನ್ನು ಮೊದಲನೆಯದಕ್ಕಿಂತ ಹೆಚ್ಚು ಕಾಡಿತು. ಇಷ್ಟು ವರ್ಷ ವಿಜ್ಞಾನ, ಗಣಿತ ಹೇಳಿದ್ದೇನೆ. ಉತ್ತರವಿಲ್ಲದ ಪ್ರಶ್ನೆಗಳೂ ಇವೆ ಎಂಬ ಸಣ್ಣ ಸುದ್ದಿಯನ್ನು ನನ್ನ ವಿದ್ಯಾರ್ಥಿಗಳಿಗೆ ತಲುಪಿಸಿಲ್ಲ. ನಮಗೂ ಯಾರೂ ತಲುಪಿಸಿರಲಿಲ್ಲ ಅನ್ನಿ. ನಾನು ಬಿ.ಎಸ್ಸಿ. ಮುಗಿಸಿದ 1993ರಲ್ಲಿ ಆಂಡ್ರೂ ವೈಲ್ಸ್ ಎಂಬ ಗಣಿತಜ್ಞರು ಫರ್ಮಾನ ಕೊನೆಯ ಪ್ರಮೇಯವನ್ನು ಸಾಧಿಸಿದ್ದೇನೆಂದು ಸಾರಿದರು. ಅದರಲ್ಲೊಂದು ತಪ್ಪು ಸಿಕ್ಕಿತು. ಮರುವರ್ಷ ರಿಚರ್ಡ್ ಟೇಲರ್ ಜೊತೆ ಸೇರಿ ಅದನ್ನು ಸರಿಪಡಿಸಿದರು. ಸುಮಾರು 1637ರಲ್ಲಿ ಹುಟ್ಟಿದ ಪ್ರಶ್ನೆ ಅದು. ಮೂರು ವರ್ಷ ಗಣಿತ ಓದಿ ಪಾಸಾದ ನನಗೆ ಅಂಥದೊಂದು ಪ್ರಶ್ನೆ ಇದೆಯೆಂದು ತಿಳಿದದ್ದು ಅದು ಬಗೆಹರಿದ ಮೇಲೆ!

ಆ ಸಂಜೆ ಅಂಗಳದಲ್ಲೇ ಕುಳಿತು ನೋಡಿದರೆ, ದೂರ ಹೋಗಬೇಕಾಗಿಯೇ ಇರಲಿಲ್ಲ. ಆ ಒಂದು ರಾಶಿಯಲ್ಲೇ ಭೌತಶಾಸ್ತ್ರ, ಗಣಿತ, ಅರ್ಥಶಾಸ್ತ್ರ ಮೂರರ ಬಿಡಿಸದ ಲೆಕ್ಕಗಳೂ ಇದ್ದವು.

ಮೊದಲು ರಾಶಿಯನ್ನೇ ನೋಡಿ. ಒಣ ಕಾಳನ್ನು ಒಂದೇ ಜಾಗಕ್ಕೆ ಸುರಿಯುತ್ತ ಹೋದರೆ ಇಳಿಜಾರು ಒಂದು ಕೋನಕ್ಕೆ ಬಂದು ನಿಲ್ಲುತ್ತದೆ. ಮುಂದೆ ಎಷ್ಟೇ ಸುರಿದರೂ ರಾಶಿ ದೊಡ್ಡದಾಗುತ್ತದೆಯೇ ಹೊರತು ಕಡಿದಾಗುವುದಿಲ್ಲ. ಹೆಚ್ಚಾದ ಕಾಳು ಜಾರಿಬಿಡುತ್ತದೆ. ಕಾಳು ಸುರಿದರೆ ನೀರಿನಂತೆ ಹರಿಯುತ್ತದೆ, ನಿಂತರೆ ಕಲ್ಲಿನಂತೆ ಭಾರ ಹೊರುತ್ತದೆ. ನೀರಿನಲ್ಲಿ ಆಳ ಹೆಚ್ಚಿದಷ್ಟೂ ತಳದ ಒತ್ತಡ ಹೆಚ್ಚುತ್ತದೆ ಎಂದು ಪಾಠ ಹೇಳುತ್ತೇವೆ. ಕಾಳು ಹಾಗಲ್ಲ. ಜಾನ್ಸೆನ್ ಎಂಬ ಜರ್ಮನ್ ಎಂಜಿನಿಯರ್ 1895ರಲ್ಲೇ ಎತ್ತರದ ಧಾನ್ಯದ ಕಣಜಗಳಲ್ಲಿ ಇದನ್ನು ತೋರಿಸಿದರು. ಒಂದು ಮಟ್ಟದ ನಂತರ ಎಷ್ಟು ತುಂಬಿದರೂ ತಳದ ಮೇಲಿನ ಒತ್ತಡ ಬಹುತೇಕ ಹೆಚ್ಚುವುದಿಲ್ಲ. ಉಳಿದ ಭಾರವನ್ನು ಘರ್ಷಣೆಯಿಂದಾಗಿ ಗೋಡೆ ಹೊರುತ್ತದೆ.

ಇನ್ನು ಗೋಡೆಯೇ ಇಲ್ಲದ ರಾಶಿಯಲ್ಲಿ? "ಎಲ್ಲಕ್ಕಿಂತ ಹೆಚ್ಚು ಭಾರ ಎಲ್ಲಿ ಬೀಳ್ತದ?" ಎಂದು ಹುಡುಗಿಯನ್ನು ಕೇಳಿದೆ. "ನಡಬರಕ, ತುದೀ ಕೆಳಗ" ಎಂದಳು. ನಾನೂ ಹಾಗೆಯೇ ಹೇಳುತ್ತಿದ್ದೆ. ಆದರೆ 1981ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ರಾಶಿಯ ಅಡಿ ಒತ್ತಡ ಅಳೆದಾಗ ನಟ್ಟನಡುವೆ ಒತ್ತಡ ಕಡಿಮೆ ಇತ್ತು, ಅದರ ಸುತ್ತ ಒಂದು ಬಳೆಯಂತೆ ಹೆಚ್ಚು ಇತ್ತು. ಮುಂದೆ ಇನ್ನೊಂದು ಸೋಜಿಗ ಗೊತ್ತಾಯಿತು. ಒಂದೇ ಬಿಂದುವಿನಿಂದ ಸುರಿದ ರಾಶಿಯಲ್ಲಿ ಮಾತ್ರ ಈ ತಗ್ಗು ಕಾಣುತ್ತದೆ. ಅದೇ ಕಾಳನ್ನು ಜರಡಿಯಿಂದ ಮಳೆಯಂತೆ ಸಮನಾಗಿ ಉದುರಿಸಿ ಅದೇ ಆಕಾರದ ರಾಶಿ ಮಾಡಿದರೆ ತಗ್ಗು ಕಾಣುವುದಿಲ್ಲ. ಇದನ್ನು ಹೇಳಿದಾಗ ಹುಡುಗಿ ಸ್ವಲ್ಪ ಹೊತ್ತು ರಾಶಿಯನ್ನೇ ನೋಡಿ, "ಅಂದ್ರ ತನ್ನ ಹೆಂಗ ಸುರದ್ರು ಅಂಬೋದು ರಾಶಿಗೆ ನೆನಪ ಇರ್ತೈತಿ" ಎಂದಳು. ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಗಾಳಿ ನೀರುಗಳ ಹರಿವಿಗೆ ಸಮೀಕರಣ ಇದೆ (ಅದರ ಪೂರ್ಣ ಮರ್ಮ ಬಿಡಿಸಿದವರಿಗೆ ಕ್ಲೇ ಸಂಸ್ಥೆ 2000ದಲ್ಲಿ ಹತ್ತು ಲಕ್ಷ ಡಾಲರ್ ಬಹುಮಾನ ಇಟ್ಟಿದೆ, ಅದು ಬೇರೆ ಕಥೆ). ಆದರೆ ಎಲ್ಲ ರಾಶಿಗಳಿಗೂ ಹೊಂದುವ, ಎಲ್ಲರೂ ಒಪ್ಪಿದ ಒಂದೇ ಸಮೀಕರಣ ಕಾಳಿಗೆ ಇನ್ನೂ ಸಿಕ್ಕಿಲ್ಲ.

ಇಂಥಲ್ಲಿ ಭೌತವಿಜ್ಞಾನಿಗಳು ಏನು ಮಾಡುತ್ತಾರೆ? ನಿಜವಾದ ರಾಶಿಯನ್ನು ಬದಿಗಿಟ್ಟು ಆಟಿಕೆಯ ರಾಶಿ ಮಾಡಿಕೊಳ್ಳುತ್ತಾರೆ. 1987ರಲ್ಲಿ ಪೆರ್ ಬಾಕ್ ಮತ್ತು ಇಬ್ಬರು ಗೆಳೆಯರು ಮಾಡಿದ ಆಟಿಕೆಯನ್ನು ನೀವು ಇವತ್ತೇ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದುಕೊಳ್ಳಬಹುದು. ಚದುರಂಗದ ಹಾಗೆ ಮನೆಗಳು. ಒಂದೊಂದೇ ಕಾಳು ಇಡುತ್ತ ಹೋಗಿ. ಯಾವ ಮನೆಯಲ್ಲಿ ನಾಲ್ಕು ಕಾಳಾಯಿತೋ ಅದು ಕುಸಿದು ಅಕ್ಕಪಕ್ಕ, ಮೇಲೆ ಕೆಳಗಿನ ಮನೆಗಳಿಗೆ ಒಂದೊಂದು ಕಾಳು ಕೊಡುತ್ತದೆ. ಅಂಚಿನಾಚೆ ಹೋದದ್ದು ಹೋಯಿತು. ಬಹಳ ಸಲ ಒಂದು ಕಾಳಿನಿಂದ ಏನೂ ಆಗುವುದಿಲ್ಲ. ಒಮ್ಮೊಮ್ಮೆ ಒಂದೇ ಕಾಳಿನಿಂದ ಇಡೀ ಹಾಸು ಕುಸಿಯುತ್ತದೆ. ಎರಡು ಮನೆಗಳು ಒಟ್ಟಿಗೆ ತುಂಬಿದಾಗ ಮೊದಲು ಯಾವುದನ್ನು ಕುಸಿಸಬೇಕು? ಯಾವುದನ್ನಾದರೂ ಸರಿ, ಕೊನೆಗೆ ಉಳಿಯುವ ಚಿತ್ರ ಒಂದೇ. ಇದನ್ನು 1990ರಲ್ಲಿ ಸಾಧಿಸಿ ಆ ಆಟಿಕೆಯ ಲೆಕ್ಕವನ್ನು ಬಿಡಿಸಿದವರು ನಮ್ಮ ದೇಶದ ದೀಪಕ್ ಧರ್. ಈ ಬಗೆಯ ಕೆಲಸಗಳಿಗಾಗಿ 2022ರಲ್ಲಿ ಅವರಿಗೆ ಬೋಲ್ಟ್ಸ್‌ಮನ್ ಪದಕ ಬಂತು. ಆ ಪದಕ ಪಡೆದ ಮೊದಲ ಭಾರತೀಯರು ಅವರು. ಅಂಗಳದ ರಾಶಿ ಈ ಆಟಿಕೆಯಂತೆಯೇ ನಡೆಯುವುದಿಲ್ಲ, ನಿಜ. ಆದರೂ ಬಿಡಿಸಲಾಗದ ಪ್ರಶ್ನೆಯ ಪಕ್ಕದಲ್ಲಿ ಬಿಡಿಸಬಹುದಾದ ಒಂದನ್ನು ಹುಡುಕಿಕೊಂಡದ್ದರಿಂದ ಹಿಡಿಯಲು ಒಂದು ತುದಿ ಸಿಕ್ಕಿತು.

ಗಣಿತದ ಲೆಕ್ಕಕ್ಕೆ ರಾಶಿಯೂ ಬೇಡ, ಒಂದು ಹಿಡಿ ಕಾಳು ಸಾಕು. ಕಾಳುಗಳನ್ನು ಎಣಿಸಿ. ಸಮಸಂಖ್ಯೆಯಾದರೆ ಅರ್ಧ ಮಾಡಿ. ಬೆಸವಾದರೆ ಮೂರರಿಂದ ಗುಣಿಸಿ ಒಂದು ಕೂಡಿಸಿ. ಬಂದದ್ದಕ್ಕೆ ಮತ್ತೆ ಅದನ್ನೇ ಮಾಡಿ. 7ರಿಂದ ಹೊರಟರೆ 22, 11, 34, 17, 52, 26, 13, 40, 20, 10, 5, 16, 8, 4, 2, 1. ಯಾವ ಸಂಖ್ಯೆಯಿಂದ ಹೊರಟರೂ ಕೊನೆಗೆ 1ಕ್ಕೆ ಬರುತ್ತೇವೆಯೇ? ಕೊಲಾಟ್ಸ್ ಎಂಬ ಜರ್ಮನ್ ಗಣಿತಜ್ಞರ ಹೆಸರಿನಲ್ಲಿ 1937ರಿಂದ ಈ ಪ್ರಶ್ನೆ ಇದೆ. ಇಂದಿಗೂ ಉತ್ತರವಿಲ್ಲ. ನಮ್ಮ ತರಗತಿಯಲ್ಲಿ 1ರಿಂದ 100ರವರೆಗೆ ಹಂಚಿಕೊಂಡು ಮಾಡಿದೆವು. 27 ಸಿಕ್ಕಿದ ಹುಡುಗನ ಪಾಡು ಕೇಳಬೇಡಿ. ಅದು 9,232ರವರೆಗೆ ಏರಿ, 111 ಹೆಜ್ಜೆಗಳಾದ ಮೇಲೆ 1ಕ್ಕೆ ಬರುತ್ತದೆ. ಮೂರು ಸಲ ತಪ್ಪು ಮಾಡಿ, ನಾಲ್ಕನೆಯ ಸಲ ಮುಟ್ಟಿದಾಗ ಅವನು ಕೂಗಿದ ಕೂಗು ಮುಖ್ಯೋಪಾಧ್ಯಾಯರ ಕೋಣೆಗೂ ಕೇಳಿಸಿತು.

2020ರ ಹೊತ್ತಿಗೇ ಗಣಕಯಂತ್ರಗಳು 21 ಅಂಕಿಗಳ ಸಂಖ್ಯೆಗಳವರೆಗೆ ಒಂದನ್ನೂ ಬಿಡದೆ ಪರೀಕ್ಷಿಸಿದ್ದವು. ಎಲ್ಲವೂ 1ಕ್ಕೇ ಬಂದವು. "ಅಷ್ಟು ನೋಡಿದ ಮ್ಯಾಲೂ ಸಾಲೂದಿಲ್ಲೇನ್ರಿ?" ಎಂದು ಮಕ್ಕಳು ಕೇಳಿದರು. ಸಾಲುವುದಿಲ್ಲ. ಪೋಲ್ಯ ಎಂಬ ದೊಡ್ಡ ಗಣಿತಜ್ಞರು 1919ರಲ್ಲಿ ಸಂಖ್ಯೆಗಳ ಅವಿಭಾಜ್ಯ ಅಪವರ್ತನಗಳ ಬಗ್ಗೆ ಒಂದು ಊಹೆ ಮಾಡಿದ್ದರು. ನೋಡಿದಲ್ಲೆಲ್ಲ ಅದು ಸರಿಯಾಗಿತ್ತು. 1958ರಲ್ಲಿ ಅದು ತಪ್ಪೆಂದು ಸಾಧಿತವಾಯಿತು. ಅದು ಮೊದಲು ಮುರಿದುಬೀಳುವ ಸಂಖ್ಯೆ 90 ಕೋಟಿ 61 ಲಕ್ಷ 50 ಸಾವಿರದ 257! ಇದೇ ಪೋಲ್ಯರು ಲೆಕ್ಕ ಬಿಡಿಸುವುದು ಹೇಗೆಂದು ಶಿಕ್ಷಕರು ಕಣ್ಣಿಗೊತ್ತಿಕೊಳ್ಳುವಂಥ ಪುಸ್ತಕ ಬರೆದವರು. ಬಿ.ಇಡಿ. ಓದುವವರು ಪುಸ್ತಕದ ಜೊತೆಗೆ ಅವರ ಈ ತಪ್ಪನ್ನೂ ಓದಬೇಕು.

ನಮ್ಮ ನಾಡಿನದೂ ಒಂದು ಉದಾಹರಣೆ ಇದೆ. ಒಂದು ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ 1 ಕೂಡಿಸಿದರೆ ಮತ್ತೊಂದು ಪೂರ್ಣ ವರ್ಗ ಬರಬೇಕು. 1, 2, 3 ಎಂದು ಪ್ರಯತ್ನಿಸುತ್ತ ಹೋದವನು ಜೀವಮಾನ ಕಳೆದು, ಇಂಥ ಸಂಖ್ಯೆಯೇ ಇಲ್ಲ ಎಂದು ಪ್ರಮಾಣ ಮಾಡಿ ಹೇಳಬಹುದು. ಆದರೆ ಇದೆ. ಅಂಥವುಗಳಲ್ಲಿ ಅತಿ ಚಿಕ್ಕದು 22 ಕೋಟಿ 61 ಲಕ್ಷ 53 ಸಾವಿರದ 980. ಫರ್ಮಾ 1657ರಲ್ಲಿ ಯುರೋಪಿನ ಗಣಿತಜ್ಞರಿಗೆ ಇದನ್ನು ಸವಾಲಾಗಿ ಎಸೆದರು. ಅದಕ್ಕೂ ಐನೂರು ವರ್ಷ ಮೊದಲೇ, 1150ರ ಸುಮಾರಿಗೆ, ಭಾಸ್ಕರಾಚಾರ್ಯರು ತಮ್ಮ ಬೀಜಗಣಿತದಲ್ಲಿ ಚಕ್ರವಾಲ ವಿಧಾನದಿಂದ ಇದನ್ನು ಬಿಡಿಸಿಟ್ಟಿದ್ದರು. ಅವರ ಹುಟ್ಟೂರು ನಮ್ಮ ವಿಜಯಪುರವೆಂದು ಹಲವರು ನಂಬುತ್ತಾರೆ. ಒಂದೊಂದೇ ಸಂಖ್ಯೆ ಹಿಡಿದು ಹೋಗದೆ, ಒಂದು ತಪ್ಪು ಉತ್ತರದಿಂದ ಅದಕ್ಕಿಂತ ಒಳ್ಳೆಯ ತಪ್ಪು ಉತ್ತರಕ್ಕೆ ಸುತ್ತುತ್ತ ಸರಿಯಾದುದನ್ನು ಮುಟ್ಟುವ ದಾರಿ ಅದು. ಕೊಲಾಟ್ಸ್ ಪ್ರಶ್ನೆಗೆ ಅಂಥ ದಾರಿ ಇನ್ನೂ ಸಿಕ್ಕಿಲ್ಲ. ಟೆರೆನ್ಸ್ ಟಾವೊ 2019ರಲ್ಲಿ ಬೇರೆ ಉಪಾಯ ಮಾಡಿದರು. ಎಲ್ಲ ಸಂಖ್ಯೆಗಳೂ 1ಕ್ಕೆ ಬರುತ್ತವೆ ಎನ್ನುವ ಹಟ ಬಿಟ್ಟು, ಬಹುತೇಕ ಎಲ್ಲ ಸಂಖ್ಯೆಗಳೂ ಹೊರಟ ಜಾಗಕ್ಕಿಂತ ಬಹಳ ಕೆಳಕ್ಕೆ ಇಳಿದೇ ಇಳಿಯುತ್ತವೆ ಎಂದಷ್ಟನ್ನು ಸಾಧಿಸಿದರು.

ಶಿಗ್ಗಾವಿ ತಾಲ್ಲೂಕಿನ ಮಕ್ಕಳಿಗೆ ಇದರಲ್ಲಿ ಅಪರಿಚಿತವಾದುದು ಏನೂ ಇರಬಾರದು. ಬಾಡ ಗ್ರಾಮದ ಕನಕದಾಸರು ಮುಂಡಿಗೆಗಳನ್ನು ಕಟ್ಟಿದವರು. ಅಕ್ಕಿ ಹೆಚ್ಚೋ ರಾಗಿ ಹೆಚ್ಚೋ ಎಂಬ ಜಗಳಕ್ಕೆ ಅವರ ರಾಮಧಾನ್ಯ ಚರಿತೆಯಲ್ಲಿ ಸಿಗುವ ತೀರ್ಮಾನವೂ ವಾದದಿಂದ ಬಂದದ್ದಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ನೋಡಿದರು. ವಿಜ್ಞಾನದ ಮಾಸ್ತರನಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ಇನ್ನು ನಾನು ತಪ್ಪಿದ ಲೆಕ್ಕ. ಬಿತ್ತುವಾಗ ಒಂದು ಬೆಲೆ, ಬೆಳೆದು ತಂದಾಗ ಇನ್ನೊಂದು. ಹೋದ ವರ್ಷದ ಬೆಲೆ ನೋಡಿ ಎಲ್ಲರೂ ಬಿತ್ತಿದರೆ ಮಾಲು ಹೆಚ್ಚಿ ಬೆಲೆ ಬೀಳುತ್ತದೆ. ಬಿದ್ದ ಬೆಲೆ ನೋಡಿ ಎಲ್ಲರೂ ಬಿಟ್ಟರೆ ಮಾಲು ಇಲ್ಲದೆ ಬೆಲೆ ಏರುತ್ತದೆ. ಇದನ್ನು ಆಲೇಖದಲ್ಲಿ ಬರೆದರೆ ಗೆರೆ ಜೇಡರ ಬಲೆಯಂತೆ ಸುತ್ತುತ್ತದೆ. ಅರ್ಥಶಾಸ್ತ್ರಜ್ಞ ಕಾಲ್ಡೋರ್ 1934ರಲ್ಲಿ ಇಟ್ಟ ಹೆಸರೂ ಅದೇ. ಕೊಳ್ಳುವವರಿಗಿಂತ ಬೆಳೆಯುವವರು ಬೆಲೆಗೆ ಹೆಚ್ಚು ಕುಣಿದರೆ ಬಲೆ ಹೊರಕ್ಕೆ ಹಿಗ್ಗುತ್ತ ಹೋಗುತ್ತದೆ, ಕಡಿಮೆ ಕುಣಿದರೆ ಒಳಕ್ಕೆ ಸುತ್ತಿ ಒಂದು ಬೆಲೆಗೆ ನಿಲ್ಲುತ್ತದೆ. 1961ರಲ್ಲಿ ಜಾನ್ ಮೂತ್ ಆಕ್ಷೇಪಿಸಿದರು. ಪ್ರತಿ ಸಲವೂ ಮೋಸಹೋಗಲು ರೈತ ದಡ್ಡನೇ? ಅವನೂ ಮುಂದಿನದನ್ನು ಲೆಕ್ಕ ಹಾಕುತ್ತಾನಲ್ಲ! ಮಾತು ಸರಿಯೇ. ಆದರೆ ಬ್ಯಾಡಗಿಯಲ್ಲಿ 2024ರ ಮಾರ್ಚಿನಲ್ಲಿ ಮೆಣಸಿನಕಾಯಿ ಬೆಲೆ ಕುಸಿದು ರೊಚ್ಚಿಗೆದ್ದ ರೈತರು ಮಾರುಕಟ್ಟೆ ಕಚೇರಿಗೆ ಕಲ್ಲು ತೂರಿ ವಾಹನಗಳಿಗೆ ಬೆಂಕಿ ಹಚ್ಚಿದ್ದನ್ನು ಕಂಡವರಿಗೆ, ಲೆಕ್ಕ ಹಾಕಿದರೂ ಎಲ್ಲಿ ಕೈಕೊಡುತ್ತದೆ ಎಂಬ ಪ್ರಶ್ನೆ ಉಳಿದೇ ಉಳಿಯುತ್ತದೆ. ಸವಣೂರಿನ ಕಡೆಯ ಹತ್ತಿ ಬೆಳೆಗಾರರಿಗೆ ಒಂದು ಮಾತು. ಮ್ಯಾಂಡೆಲ್‌ಬ್ರಾಟ್ 1963ರಲ್ಲಿ ಅಮೆರಿಕದ ಹತ್ತಿಯ ಹಳೆಯ ಬೆಲೆಗಳನ್ನೆಲ್ಲ ಕೂಡಿಹಾಕಿ ನೋಡಿದಾಗ, ದಿಢೀರ್ ಜಿಗಿತಗಳು ಪಾಠದ ಲೆಕ್ಕ ಹೇಳುವುದಕ್ಕಿಂತ ಬಹಳ ಹೆಚ್ಚಾಗಿದ್ದವು. ನನ್ನ ಆಲೇಖದ ನಯವಾದ ಗೆರೆಗೆ ಅಲ್ಲೇ ಮಂಗಳ!

ಹುಡುಗಿ ಶಾಲೆಗೆ ಮರಳಿದ ಮೇಲೆ ತರಗತಿಯಲ್ಲಿ ಒಂದು ಆಟ ಆಡಿಸಿದೆ. ಬ್ರಯನ್ ಆರ್ಥರ್ ಎಂಬ ಅರ್ಥಶಾಸ್ತ್ರಜ್ಞರು 1994ರಲ್ಲಿ ಹೂಡಿದ ಒಂದು ಒಗಟು ಇದೆ. ನೂರು ಜನ ಸಂಗೀತ ಕೇಳಲು ಒಂದು ಜಾಗಕ್ಕೆ ಹೋಗಬೇಕೆನ್ನುತ್ತಾರೆ. ಅರವತ್ತಕ್ಕಿಂತ ಕಡಿಮೆ ಜನ ಬಂದರೆ ಸುಖ, ಹೆಚ್ಚಾದರೆ ನೂಕುನುಗ್ಗಲು. ಒಬ್ಬರನ್ನೊಬ್ಬರು ಕೇಳುವಂತಿಲ್ಲ. ಹೋಗಬೇಕೋ ಬೇಡವೋ? ಇದನ್ನೇ ಇನ್ನಷ್ಟು ಸರಳ ಮಾಡಿ 1997ರಲ್ಲಿ ಇಬ್ಬರು ಭೌತವಿಜ್ಞಾನಿಗಳು ಕಡಿಮೆ ಜನರ ಪಕ್ಷವೇ ಗೆಲ್ಲುವ ಆಟ ಮಾಡಿದರು. ನಾನು ಅದಕ್ಕೆ ನಮ್ಮೂರಿನ ಅಂಗಿ ತೊಡಿಸಿದೆ. ತರಗತಿಯಲ್ಲಿ 39 ಮಕ್ಕಳು. ಪ್ರತಿಯೊಬ್ಬರೂ ಚೀಟಿಯಲ್ಲಿ ಹತ್ತಿ ಅಥವಾ ಗೋವಿನಜೋಳ ಎಂದು ಬರೆಯಬೇಕು. ಯಾವುದನ್ನು ಕಡಿಮೆ ಜನ ಬಿತ್ತಿದರೋ ಅವರಿಗೆ ಒಂದು ಅಂಕ.

ಮೊದಲ ಸುತ್ತಿನಲ್ಲಿ 27 ಜನ ಗೋವಿನಜೋಳ ಬರೆದರು. ಹತ್ತಿಯ 12 ಜನ ಗೆದ್ದರು. ಎರಡನೆಯ ಸುತ್ತಿನಲ್ಲಿ 25 ಜನ ಹತ್ತಿಗೆ ಹಾರಿದರು. ಮೂರನೆಯದರಲ್ಲಿ ಮತ್ತೆ ಇತ್ತ. ಹತ್ತು ಸುತ್ತು ಮುಗಿಯುವಷ್ಟರಲ್ಲಿ ತೂಗಾಟ ತಗ್ಗಿ 20–19, 21–18ರ ಆಸುಪಾಸಿಗೆ ಬಂತು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಒಬ್ಬಳು ಹಿಂದಿನ ಮೂರು ಸುತ್ತು ನೋಡಿ ಬರೆಯುತ್ತಿದ್ದಳು. ಇನ್ನೊಬ್ಬ ನಾಣ್ಯ ಚಿಮ್ಮುತ್ತಿದ್ದ. ಕೊನೆಯ ಬೆಂಚಿನ ಹುಡುಗನೊಬ್ಬ ಇಪ್ಪತ್ತು ಸುತ್ತೂ ಹತ್ತಿ ಎಂದೇ ಬರೆದಿದ್ದ. ಅವನ ಅಂಕ ನಮ್ಮ ಮೊದಲ ದರ್ಜೆಯ ಜಾಣರಿಗಿಂತ ಕಡಿಮೆ ಇರಲಿಲ್ಲ. ಆರ್ಥರ್ ಗಣಕಯಂತ್ರದಲ್ಲಿ ಕಂಡದ್ದೂ ಹೀಗೇ. ಬೇರೆ ಬೇರೆ ಜನ ಬೇರೆ ಬೇರೆ ನಿಯಮ ಹಿಡಿದಾಗ ಒಟ್ಟು ಸಂಖ್ಯೆ ಅರವತ್ತರ ಸುತ್ತ ತಾನಾಗಿ ಸುಳಿಯುತ್ತದೆ. ಆದರೆ ಎಲ್ಲರಿಗೂ ಒಪ್ಪುವ ಒಂದು ಸರಿಯಾದ ನಿಯಮ ಇರುವಂತೆಯೇ ಇಲ್ಲ. ಅಂಥದು ಇದ್ದರೆ ಎಲ್ಲರೂ ಅದನ್ನೇ ಹಿಡಿಯುತ್ತಾರೆ, ಹಿಡಿದ ಕೂಡಲೇ ಅದು ತಪ್ಪಾಗುತ್ತದೆ.

ಇಪ್ಪತ್ತೊಂದನೆಯ ಸುತ್ತಿಗೆ ಮೊದಲು ನಾನು ಬೇಕೆಂದೇ, "ನನ್ನ ಲೆಕ್ಕದ ಪ್ರಕಾರ ಈ ಸಲ ಹತ್ತಿ" ಎಂದು ಘೋಷಿಸಿದೆ. 31 ಜನ ಹತ್ತಿ ಬರೆದರು. ಎಣಿಸಿ ಬೋರ್ಡಿನ ಮೇಲೆ ಬರೆದಾಗ ತರಗತಿ ಗೊಳ್ಳೆಂದಿತು. ಆ ಹುಡುಗಿ ನಗಲಿಲ್ಲ. "ಡೇರೀ ಕಟ್ಟೀ ಮ್ಯಾಲೆ ಆಗಿದ್ದೂ ಇದನ ಅಲ್ರಿ ಸರ್?" ಎಂದಳು.

ಹೌದು, ಇದೇ. ನನ್ನ ಒಂದು ಹಾಳೆಯಿಂದ ಬೆಲೆ ಬಿತ್ತು ಎಂದುಕೊಳ್ಳುವಷ್ಟು ದೊಡ್ಡವ ನಾನಲ್ಲ. ಎಲ್ಲೆಲ್ಲಿಯೋ ಬಿತ್ತಿದ್ದು, ಕೋಳಿ ಆಹಾರದ ಬೇಡಿಕೆ, ಎಥೆನಾಲ್ ನೀತಿ ಎಲ್ಲ ಸೇರಿ ಆದದ್ದು. ಆದರೆ ನಾನು ಓದಿದ ಪತ್ರಿಕೆಯನ್ನೇ ನೂರಾರು ಡೇರಿ ಕಟ್ಟೆಗಳ ಮೇಲೆ ಓದಿದ್ದರು, ನಾನು ಎಳೆದ ಗೆರೆಯನ್ನೇ ಮನಸ್ಸಿನಲ್ಲಿ ಎಳೆದುಕೊಂಡಿದ್ದರು. 27ಕ್ಕೆ ನಾವೇನು ಊಹಿಸಿದರೂ ಅದು 111 ಹೆಜ್ಜೆಗಳನ್ನೇ ಇಡುತ್ತದೆ. ರಾಶಿಯೂ ನಮ್ಮ ಮಾತಿಗೆ ಕಿವಿಗೊಡುವುದಿಲ್ಲ. ಬೆಲೆ ಮಾತ್ರ ಕೇಳಿಸಿಕೊಳ್ಳುತ್ತದೆ, ನಾವು ಹೇಳಿದ್ದನ್ನು ಕೇಳಿಯೇ ದಿಕ್ಕು ಬದಲಿಸುತ್ತದೆ. ಈ ವ್ಯತ್ಯಾಸವನ್ನು ಐವತ್ತು ದಾಟಿದ ಮೇಲೆ, ಇನ್ನೊಬ್ಬರ ಹೊಲದ ಖರ್ಚಿನಲ್ಲಿ ಕಲಿತೆ.

ಅಣ್ಣನ ಫೀಯನ್ನು ಸೊಸೈಟಿಯ ಸಾಲ ಮಾಡಿ ಕಟ್ಟಿದರಂತೆ. ರಾಶಿಯನ್ನು ಒಂದೇ ಸಲಕ್ಕೆ ಮಾರದೆ ಮೂರು ಕಂತಿನಲ್ಲಿ ಮಾರಿದರು. ಡೇರಿ ಕಟ್ಟೆಯ ಮೇಲೆ ತಂದೆ ಈಗಲೂ ಸಿಗುತ್ತಾರೆ. ಮುಂದಿನ ಬಿತ್ತನೆಯ ಮಾತು ಬಂದಾಗ "ನನಗ ಗೊತ್ತಿಲ್ರಿ" ಎಂದೆ. ಅವರು ನಕ್ಕು, "ಅಷ್ಟ ಹೋದ ವರ್ಷಾ ಅಂದಿದ್ರ ಆಗ್ತಿತ್ತಲ್ರಿ" ಎಂದರು. ನನಗೆ ಬಹಳ ದಿನಗಳ ಮೇಲೆ ಹಗುರೆನಿಸಿತು.

ಹುಡುಗಿ ಮಾತ್ರ ಗೊತ್ತಿಲ್ಲ ಎಂಬಲ್ಲಿಗೆ ನಿಲ್ಲಿಸುವವಳಲ್ಲ. ಯಾರ ಮನೆಯಲ್ಲಿ ಮುಂಗಾರಿಗೆ ಏನು ಬಿತ್ತಬೇಕೆಂದಿದ್ದಾರೆ, ಎಷ್ಟು ಎಕರೆ ಎಂದು ತರಗತಿಯ ಎಲ್ಲ ಮಕ್ಕಳನ್ನೂ ಕೇಳಿ ನೋಟುಬುಕ್ಕಿನಲ್ಲಿ ಪಟ್ಟಿ ಮಾಡಿದ್ದಾಳೆ. ಹತ್ತಿ ಇಷ್ಟು, ಗೋವಿನಜೋಳ ಇಷ್ಟು, ಸೋಯಾ ಇಷ್ಟು ಎಂದು ಕೆಳಗೆ ಮೊತ್ತ. ಹೋದ ವಾರ ನಾನು ಪಾಠ ಶುರುಮಾಡುವ ಮೊದಲೇ ಎದ್ದು ಬಂದು ಕೇಳಿದಳು:

"ಸರ್, ಇದನ್ನ ಬೋರ್ಡಿನ ಮ್ಯಾಲೆ ಎಲ್ಲಾರಿಗೂ ಕಾಣೂ ಹಂಗ ಬರೀಲೇನ್ರಿ, ಬ್ಯಾಡ್ರಿ?"

ನಾನು ಸೀಮೆಸುಣ್ಣವನ್ನು ಅವಳ ಕೈಗೆ ಇನ್ನೂ ಕೊಟ್ಟಿಲ್ಲ.